ನಡುಕಟ್ಟು ಮತ್ತು ಭಾರಶ್ರಮ: ಮಂಡ್ಯ ಸೀಮೆಯ ಗರಡಿಗಳ ಹಿನ್ನೆಲೆಯಲ್ಲಿ ಒಂದು ವಿಚಾರ

೧

ಮಂಡ್ಯ, ಮದ್ದೂರು, ಮಳವಳ್ಳಿಗಳ ಕಡೆ ಇಂದು ಎರಡು ಬಗೆಯ ವ್ಯಾಯಾಮಶಾಲೆಗಳು ಕಾಣಬರುತ್ತವೆ. ಒಂದು, ತಲೆಮಾರುಗಳಿಂದ ನಡೆದುಬಂದ ಗರಡಿಮನೆ. ಅಲ್ಲಿ ಕೆಮ್ಮಣ್ಣಿನ ಮಟ್ಟಿ, ಹನುಮಂತನ ಪೂಜೆ, ಗೋಡೆಗೆ ಒರಗಿಸಿದ ಗದೆಗಳು, ಕಲ್ಲಿನ ಗುಂಡುಗಳು ಇರುತ್ತವೆ. ಇನ್ನೊಂದು, ಕಬ್ಬಿಣದ ಸಲಾಕೆ, ತೂಕದ ಬಿಲ್ಲೆ, ನಿಲುವುಗನ್ನಡಿಗಳಿಂದ ಕೂಡಿದ ಜಿಮ್. ಮೊದಲನೆಯದರಲ್ಲಿ ಸಾಧಕನು ಲಂಗೋಟಿ ಕಟ್ಟಿ ಮಟ್ಟಿಗೆ ಇಳಿಯುತ್ತಾನೆ. ಎರಡನೆಯದರಲ್ಲಿ ಭಾರವೆತ್ತುವ ತರುಣನು ಸೊಂಟಕ್ಕೆ ನಾಲ್ಕು ಬೆರಳಿಗಿಂತಲೂ ಅಗಲವಾದ ತೊಗಲಿನ ಪಟ್ಟಿಯನ್ನು ಬಿಗಿದುಕೊಳ್ಳುತ್ತಾನೆ.

ಈ ತೊಗಲಿನ ಪಟ್ಟಿಯ ವಿಷಯದಲ್ಲಿ ನಮ್ಮ ವಿದ್ಯಾರ್ಥಿಗಳಲ್ಲಿ ಎರಡು ಅಭಿಪ್ರಾಯಗಳು ಬಳಕೆಯಲ್ಲಿರುವುದನ್ನು ನಾವು ಗಮನಿಸಿದ್ದೇವೆ. ಇದು ನಮ್ಮ ಹಿರಿಯರ ನಡುಕಟ್ಟಿನ ರೂಪಾಂತರವೇ ಹೊರತು ಹೊಸದಲ್ಲ ಎಂಬುದು ಮೊದಲನೆಯದು. ಇದನ್ನು ಬಿಗಿದವನ ಬೆನ್ನಿಗೆ ಅಪಾಯವಿಲ್ಲ ಎಂಬುದು ಎರಡನೆಯದು. ಮೊದಲನೆಯದು ಇತಿಹಾಸಕ್ಕೆ ಸೇರಿದ ಪ್ರಶ್ನೆ. ಎರಡನೆಯದು ಶರೀರಶಾಸ್ತ್ರಕ್ಕೆ ಸೇರಿದುದು. ಆದರೆ ಮೊದಲನೆಯ ತಪ್ಪು ಎರಡನೆಯದಕ್ಕೆ ಬಲ ಕೊಡುತ್ತದೆ. ಪುರಾತನವಾದುದೆಲ್ಲ ಪರೀಕ್ಷಿತವಾದುದೆಂಬ ಭಾವನೆಯಿಂದ, ಮಿತಿಮೀರಿದ ಭಾರಕ್ಕೆ ಕೈಹಾಕುವ ತರುಣರು ಉಂಟು. ಆದಕಾರಣ ಈ ಎರಡನ್ನೂ ಒಟ್ಟಾಗಿ ವಿಚಾರಮಾಡಲು ಇಲ್ಲಿ ಉದ್ದೇಶಿಸಿದ್ದೇವೆ.

೨

ಮೊದಲು ಭಾಷೆಯ ಸಾಕ್ಷ್ಯವನ್ನು ನೋಡೋಣ. ಕಾರ್ಯಕ್ಕೆ ಸಿದ್ಧನಾಗುವುದಕ್ಕೆ ಕನ್ನಡದಲ್ಲಿ 'ಟೊಂಕಕಟ್ಟು', 'ನಡುಕಟ್ಟು', 'ಸೊಂಟಕಟ್ಟಿ ನಿಲ್ಲು' ಎಂಬ ಮಾತುಗಳಿವೆ. ಸಂಸ್ಕೃತದಿಂದ ಬಂದ 'ಕಟಿಬದ್ಧ', 'ಬದ್ಧಪರಿಕರ' ಎಂಬ ಪದಗಳದೂ ಇದೇ ಅರ್ಥ. ಯುದ್ಧಕ್ಕೆ ಹೊರಟವನು, ಹೊಲಕ್ಕೆ ಇಳಿದವನು, ಮೂಟೆ ಹೊರುವವನು, ಎಲ್ಲರೂ ಉಟ್ಟ ಬಟ್ಟೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಮೇಲೊಂದು ವಸ್ತ್ರವನ್ನು ಬಿಗಿಯುತ್ತಿದ್ದರು. ಕಾಸೆ, ದಟ್ಟಿ ಎಂಬ ಹಳೆಯ ಪದಗಳು ಈ ಉಡುಗೆಯನ್ನೇ ಸೂಚಿಸುತ್ತವೆ. ಆದರೆ ಈ ಕಟ್ಟಿನ ಪ್ರಯೋಜನ ಸ್ಪಷ್ಟವಾದುದು: ಕಾಲಿಗೆ ಬಟ್ಟೆ ತೊಡರದಂತೆ ಮಾಡುವುದು, ಕತ್ತಿ ಕುಡುಗೋಲುಗಳನ್ನು ಸಿಕ್ಕಿಸಿಕೊಳ್ಳಲು ಎಡೆ ಮಾಡುವುದು, ಮನಸ್ಸಿಗೆ ಒಂದು ಸನ್ನದ್ಧತೆಯನ್ನು ತರುವುದು. ಭಾಷೆಯ ಸಾಕ್ಷ್ಯವು ಸಿದ್ಧತೆಯನ್ನು ಹೇಳುತ್ತದೆಯೇ ಹೊರತು ಬೆನ್ನುಮೂಳೆಯ ರಕ್ಷಣೆಯನ್ನಲ್ಲ.

ಶಿಲ್ಪದ ಸಾಕ್ಷ್ಯವನ್ನೂ ಇದೇ ಎಚ್ಚರಿಕೆಯಿಂದ ಬಳಸಬೇಕು. ಮಂಡ್ಯ ತಾಲ್ಲೂಕಿನ ಬಸರಾಳಿನಲ್ಲಿ ಹೊಯ್ಸಳ ಇಮ್ಮಡಿ ನರಸಿಂಹನ ಕಾಲದಲ್ಲಿ, ಕ್ರಿ.ಶ. ೧೨೩೪ರಲ್ಲಿ, ಹರಿಹರ ದಣ್ಣಾಯಕನು ಕಟ್ಟಿಸಿದ ಮಲ್ಲಿಕಾರ್ಜುನ ದೇವಾಲಯವಿದೆ. ಹೊಯ್ಸಳ ಶಿಲ್ಪದಲ್ಲಿ ದೇವತೆಗಳಿಗೂ ವೀರರಿಗೂ ಕಟಿಸೂತ್ರ, ಉದರಬಂಧಗಳು ಸಮೃದ್ಧವಾಗಿ ಕಂಡುಬರುತ್ತವೆ. ಆದರೆ ಮಣಿಹಾರಗಳಂತೆ ಅವೂ ಆಭರಣಗಳು. ಅವುಗಳಿಂದ ವ್ಯಾಯಾಮದ ಪದ್ಧತಿಯನ್ನು ಊಹಿಸುವುದು ಯುಕ್ತವಲ್ಲ. ನಮ್ಮ ವೀರಗಲ್ಲುಗಳಲ್ಲಿ ಯೋಧನ ನಡುವಿನಲ್ಲಿ ಬಾಕು ಸಿಕ್ಕಿಸಿದ ಪಟ್ಟಿ ಕಾಣುವುದುಂಟು. ಅದು ಆಯುಧಕ್ಕಾಗಿ ಇದ್ದ ಪಟ್ಟಿ. ಮದ್ದೂರು ತಾಲ್ಲೂಕಿನ ಆತಕೂರಿನ ಪ್ರಸಿದ್ಧ ಶಾಸನವು, ಕ್ರಿ.ಶ. ೯೪೯-೫೦ರಲ್ಲಿ, ತಕ್ಕೋಲದ ಯುದ್ಧದಲ್ಲಿ ಹೋರಾಡಿದ ಮಣಲೇರನನ್ನೂ, ಹಂದಿಯೊಡನೆ ಸೆಣಸಿ ಸತ್ತ ಅವನ ಕಾಳಿ ಎಂಬ ನಾಯಿಯನ್ನೂ ಸ್ಮರಿಸುತ್ತದೆ. ಈ ಸೀಮೆಯಲ್ಲಿ ಪರಾಕ್ರಮಕ್ಕೆ, ಅದು ಮನುಷ್ಯನದಾಗಲಿ ಪ್ರಾಣಿಯದಾಗಲಿ, ಎಷ್ಟು ಮನ್ನಣೆಯಿತ್ತೆಂಬುದನ್ನು ಅದು ತೋರಿಸುತ್ತದೆ. ಆದರೆ ಪರಾಕ್ರಮದ ಸ್ಮಾರಕವು ಸಾಧನೆಯ ಕೈಪಿಡಿಯಲ್ಲ.

೩

ಭಾರವೆತ್ತುವುದನ್ನು ಒಂದು ಕ್ರಮಬದ್ಧ ವ್ಯಾಯಾಮವೆಂದು ವಿವರಿಸುವ ಗ್ರಂಥ ನಮ್ಮ ನಾಡಿನಲ್ಲೇ ಹುಟ್ಟಿದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು (೧೧೨೬-೧೧೩೮) ರಚಿಸಿದ ಸಂಸ್ಕೃತ ಗ್ರಂಥವಾದ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದಕ್ಕೆ ಪ್ರತ್ಯೇಕ ಭಾಗವಿದೆ. ಅಲ್ಲಿ ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ವಿಂಗಡಿಸಿ, ಅವರ ಆಹಾರ, ಅಭ್ಯಾಸಗಳನ್ನು ಹೇಳಲಾಗಿದೆ. ಅಭ್ಯಾಸಗಳಲ್ಲಿ ಭಾರವೆತ್ತುವ ಭಾರಶ್ರಮ, ನಡೆಯುವ ಭ್ರಮಣಶ್ರಮ, ಈಜುವ ಸಲಿಲಶ್ರಮ, ಕಂಬದ ಮೇಲೆ ಸಾಧಿಸುವ ಸ್ತಂಭಶ್ರಮ ಮೊದಲಾದವು ಸೇರಿವೆ. ಇಲ್ಲಿ ಗಮನಿಸತಕ್ಕ ಅಂಶವೇನೆಂದರೆ, ಭಾರಶ್ರಮವು ಹಲವು ಶ್ರಮಗಳಲ್ಲಿ ಒಂದು, ಅದೇ ಗುರಿಯಲ್ಲ. ಮಲ್ಲನ ಗುರಿ ಎದುರಾಳಿಯನ್ನು ಚಿತ್ತುಮಾಡುವುದು. ಭಾರವು ಅದಕ್ಕೆ ಸಾಧನ ಮಾತ್ರ. ಆ ಕಾಲದಲ್ಲಿ ಮಂಡ್ಯ ಸೀಮೆಯು ಹೊಯ್ಸಳ ವಿಷ್ಣುವರ್ಧನನ ಆಳ್ವಿಕೆಗೆ ಸೇರಿದ್ದುದರಿಂದ, ಕಲ್ಯಾಣದ ಆಸ್ಥಾನದ ವಿವರವನ್ನು ಇಲ್ಲಿಯ ಹಳ್ಳಿಗಳಿಗೆ ಹಾಗೆಯೇ ಅನ್ವಯಿಸಲಾಗದು. ಆದರೂ ಗರಡಿಯ ಕಲ್ಪನೆಯ ಹಳಮೆಗೆ ಅದು ಸಾಕ್ಷಿ.

ಎರಡನೆಯ ಸಾಕ್ಷ್ಯ ವಿಜಯನಗರದ್ದು. ಕ್ರಿ.ಶ. ೧೫೨೦ರ ಸುಮಾರಿನಲ್ಲಿ ಅಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ಕೃಷ್ಣದೇವರಾಯನ ದಿನಚರಿಯನ್ನು ವರ್ಣಿಸಿದ್ದಾನೆ. ಅರಸನು ಬೆಳಗಾಗುವ ಮೊದಲೇ ಎಳ್ಳೆಣ್ಣೆ ಕುಡಿದು, ಮೈಗೆಲ್ಲ ಅದೇ ಎಣ್ಣೆಯನ್ನು ಪೂಸಿಕೊಂಡು, ಸೊಂಟಕ್ಕೆ ಚಿಕ್ಕದೊಂದು ಬಟ್ಟೆ ಸುತ್ತಿ, ಮಣ್ಣಿನಿಂದ ಮಾಡಿದ ದೊಡ್ಡ ತೂಕಗಳನ್ನು ತೋಳುಗಳಲ್ಲಿ ಎತ್ತುತ್ತಿದ್ದನು. ಆಮೇಲೆ ಎಣ್ಣೆಯೆಲ್ಲ ಬೆವರಾಗಿ ಹೋಗುವವರೆಗೆ ಕತ್ತಿ ಬೀಸಿ, ತನ್ನ ಮಲ್ಲರಲ್ಲಿ ಒಬ್ಬನೊಡನೆ ಕುಸ್ತಿ ಮಾಡಿ, ಕುದುರೆ ಏರಿ ಬಯಲಿನಲ್ಲಿ ಓಡಿಸುತ್ತಿದ್ದನು. ಸೊಂಟದ ಬಟ್ಟೆ, ಭಾರ ಎಂಬ ಎರಡೂ ಒಂದೇ ವಾಕ್ಯಸರಣಿಯಲ್ಲಿ ಬರುವ ಈ ವರ್ಣನೆಯನ್ನು ನಡುಪಟ್ಟಿಯ ಪ್ರಾಚೀನತೆಗೆ ಆಧಾರವಾಗಿ ಹಿಡಿಯುವ ಆಸೆ ಸಹಜವೇ. ಆದರೆ ಆ ಬಟ್ಟೆ ತೂಕಕ್ಕಾಗಿ ಕಟ್ಟಿದುದಲ್ಲ. ಕತ್ತಿವರಸೆಗೂ ಕುಸ್ತಿಗೂ ಅದೇ ಉಡುಗೆ. ಚಿಕ್ಕ ಬಟ್ಟೆ ಎಂಬ ಮಾತೇ ಅದು ಲಂಗೋಟಿಯ ಜಾತಿಯದೆಂಬುದನ್ನು ಸೂಚಿಸುತ್ತದೆ.

ಮೈಸೂರು ಅರಸರ ಕಾಲಕ್ಕೆ ಬಂದರೆ, ರಣಧೀರ ಕಂಠೀರವ ನರಸರಾಜ ಒಡೆಯರು (೧೬೩೮-೧೬೫೯) ಸ್ವತಃ ಮಲ್ಲರೆಂದು ಪ್ರಸಿದ್ಧರಾದವರು. ಶ್ರೀರಂಗಪಟ್ಟಣದಲ್ಲಿ ನವರಾತ್ರಿಯ ಉತ್ಸವ ನಡೆಯುತ್ತಿದ್ದಾಗ ಕಾಳಗಗಳಿಗೆ ಅಲ್ಲಿ ಸ್ಥಾನವಿತ್ತು. ಜೆಟ್ಟಿಗಳ ವಜ್ರಮುಷ್ಟಿ ಕಾಳಗವು ಇಂದಿಗೂ ಮೈಸೂರು ಅರಮನೆಯ ವಿಜಯದಶಮಿಯ ವಿಧಿಗಳಲ್ಲಿ ಒಂದು. ೧೭೯೯ರ ಮಾರ್ಚ್ ೨೭ರಂದು ಮಳವಳ್ಳಿಯ ಬಳಿ ನಡೆದ ಯುದ್ಧ, ಮೇ ೪ರಂದು ಶ್ರೀರಂಗಪಟ್ಟಣದ ಪತನ, ಇವುಗಳ ತರುವಾಯ ಸಂಸ್ಥಾನದ ಸೈನ್ಯ ಕುಗ್ಗಿತು. ಗರಡಿಯು ರಣಕ್ಕೆ ಸಿದ್ಧಪಡಿಸುವ ಶಾಲೆಯಾಗಿ ಉಳಿಯದೆ, ಹಬ್ಬ, ಜಾತ್ರೆ, ದಸರಾ ಕುಸ್ತಿಗಳಿಗೆ ಸಿದ್ಧಪಡಿಸುವ ಶಾಲೆಯಾಯಿತು.

೪

ಇನ್ನು ಗರಡಿಯ ಒಳಗಿನ ಕ್ರಮವನ್ನು ಪರಿಶೀಲಿಸಿದರೆ, ಅಲ್ಲಿ ಅಗಲವಾದ ಪಟ್ಟಿಗೆ ಏಕೆ ಎಡೆಯಿಲ್ಲವೆಂಬುದು ತಾನೇ ವಿಶದವಾಗುತ್ತದೆ. ಗರಡಿಯ ಮುಖ್ಯ ಸಾಧನೆಗಳು ದಂಡೆ, ಬಸ್ಕಿ, ಗದೆ ತಿರುಗಿಸುವುದು, ಮಟ್ಟಿ ಅಗೆಯುವುದು. ದಂಡೆ ಬಸ್ಕಿಗಳಲ್ಲಿ ಸಾಧಕನ ಮೈಭಾರವೇ ಭಾರ. ಅದು ನೂರಾರು ಸಲ ನಡೆಯತಕ್ಕದ್ದು. ಗದೆಯ ತೂಕ ಅತಿಯಲ್ಲ. ಅದು ಸುತ್ತುವ ಭಾರ. ಇಂಥ ಸಾಧನೆಯಲ್ಲಿ ಉಸಿರು ತಡೆಯಿಲ್ಲದೆ ಆಡಬೇಕು, ನಡು ಬಳುಕಬೇಕು. ಲಂಗೋಟಿಯು ತೊಡೆಸಂದನ್ನು ಬಿಗಿಯುತ್ತದೆ, ಹೊಟ್ಟೆಯನ್ನು ಬಿಡುತ್ತದೆ. ತೊಗಲಿನ ಪಟ್ಟಿಯಾದರೋ ಹೊಟ್ಟೆಯನ್ನು ಬಿಗಿಯುತ್ತದೆ. ಎರಡೂ ಸೊಂಟದ ಸಮೀಪದಲ್ಲಿ ಇರುವುವೆಂಬುದನ್ನು ಬಿಟ್ಟರೆ ಅವುಗಳ ಕೆಲಸದಲ್ಲಿ ಸಾಮ್ಯವಿಲ್ಲ.

ಇದಕ್ಕೆ ಅಪವಾದವೆಂದು ತೋರುವುದು ಕಲ್ಲುಗುಂಡು ಎತ್ತುವ ಪಂದ್ಯ. ಅಲ್ಲಿ ಪೂರ್ಣಶಕ್ತಿಯನ್ನು ಒಂದೇ ಬಾರಿ ವ್ಯಯಿಸಬೇಕು. ಆದರೆ ಗುಂಡನ್ನು ಎತ್ತುವವನು ಅದನ್ನು ತೊಡೆಯ ಮೇಲಕ್ಕೆ ತಂದು, ಹೊಟ್ಟೆ ಎದೆಗಳಿಗೆ ಅಪ್ಪಿ, ಹೆಗಲಿಗೆ ಉರುಳಿಸುತ್ತಾನೆ. ಹೊಟ್ಟೆಗೂ ಕಲ್ಲಿಗೂ ನಡುವೆ ದಪ್ಪನೆಯ ಪಟ್ಟಿ ಇದ್ದರೆ ಅದು ಅಡಚಣೆಯೇ.

ನಿಜವಾಗಿಯೂ ಭಾರಕ್ಕಾಗಿ ನಡುವಿಗೆ ಪಟ್ಟಿ ಕಟ್ಟುವ ರೂಢಿ ನಮ್ಮಲ್ಲಿ ಕಾಣುವುದು ಗರಡಿಯಲ್ಲಲ್ಲ, ಕುಣಿತದಲ್ಲಿ. ನಂದಿಕೋಲು ಕುಣಿತದವರು ಕಲಶ, ಬಿರುದುಗಳಿಂದ ಅಲಂಕೃತವಾದ ಉದ್ದನೆಯ ಬಿದಿರುಕಂಬವನ್ನು ಸೊಂಟಕ್ಕೆ ಬಿಗಿದ ಪಟ್ಟಿಯ ಆಧಾರದಿಂದ ಹೊತ್ತು ಕುಣಿಯುತ್ತಾರೆ. ದಸರಾ ಮೆರವಣಿಗೆಯ ಆರಂಭದಲ್ಲಿ ಪೂಜೆ ಸಲ್ಲುವ ನಂದಿಧ್ವಜವೂ ಇದೇ. ಇಲ್ಲಿಯೂ ಪಟ್ಟಿಯ ಕೆಲಸ ಕಂಬದ ಬುಡಕ್ಕೆ ನೆಲೆ ಕೊಡುವುದು. ಹೊರುವವನ ಬೆನ್ನನ್ನು ಕಾಯುವುದಲ್ಲ. ನಮ್ಮ ಪರಂಪರೆಯಲ್ಲಿ ನಡುಕಟ್ಟಿಗೆ ಉಡುಗೆ, ಆಯುಧ, ಆಭರಣ, ಆಧಾರ ಎಂಬ ನಾಲ್ಕು ಪ್ರಯೋಜನಗಳು ಇದ್ದುವೆಂದೂ, ಇಂದಿನ ತೊಗಲುಪಟ್ಟಿಯ ಪ್ರಯೋಜನವು ಐದನೆಯದೆಂದೂ ಹೇಳಬಹುದಾಗಿದೆ.

೫

ಈ ಐದನೆಯ ಪ್ರಯೋಜನ ಹುಟ್ಟಿದುದು ಸಲಾಕೆ ಮತ್ತು ಬಿಲ್ಲೆಗಳಿಂದ. ಕಲ್ಲಿನ ತೂಕವನ್ನು ಹೆಚ್ಚಿಸಲಾಗದು. ಬೇರೆ ಕಲ್ಲನ್ನೇ ಹುಡುಕಬೇಕು. ಬಿಲ್ಲೆಗಳಿರುವ ಸಲಾಕೆಗೆ ಸ್ವಲ್ಪ ಸ್ವಲ್ಪವಾಗಿ ತೂಕ ಸೇರಿಸಿ, ಮನುಷ್ಯನ ಶಕ್ತಿಯ ಕೊನೆಯ ಅಂಚನ್ನು ಅಳೆಯಬಹುದು. ೧೮೯೬ರ ಅಥೆನ್ಸ್ ಒಲಿಂಪಿಕ್ ಕೂಟದಲ್ಲಿಯೇ ಭಾರವೆತ್ತುವ ಸ್ಪರ್ಧೆ ಇತ್ತು. ಯೂಜಿನ್ ಸ್ಯಾಂಡೋ ಎಂಬ ಪ್ರಸಿದ್ಧ ಬಲಶಾಲಿ ೧೯೦೪-೦೫ರಲ್ಲಿ ಭಾರತಕ್ಕೆ ಬಂದ ಮೇಲೆ ಅವನ ಪದ್ಧತಿಗೆ ಇಲ್ಲಿ ಪ್ರಚಾರ ದೊರೆಯಿತು. ಬೆಂಗಳೂರಿನಲ್ಲಿ ಕೆ. ವಿ. ಅಯ್ಯರ್ ಅವರು ತಮ್ಮ ವ್ಯಾಯಾಮಶಾಲೆಯಲ್ಲಿ ಸೂರ್ಯನಮಸ್ಕಾರವನ್ನೂ ಸಲಾಕೆಯನ್ನೂ ಜೊತೆಗೂಡಿಸಿದರು. 'ರೂಪದರ್ಶಿ', 'ಶಾಂತಲಾ' ಕಾದಂಬರಿಗಳ ಕರ್ತೃವಾಗಿ ಕನ್ನಡಿಗರು ಬಲ್ಲವರೂ ಇವರೇ. ಉಡುಪಿ ಜಿಲ್ಲೆಯ ಗುರುರಾಜ ಪೂಜಾರಿಯವರು ಮೊದಲು ಕುಸ್ತಿಗೆ ಒಲಿದಿದ್ದು, ಬಳಿಕ ಭಾರವೆತ್ತುವಿಕೆಗೆ ತಿರುಗಿ, ಕಾಮನ್‌ವೆಲ್ತ್ ಕ್ರೀಡಾಕೂಟಗಳಲ್ಲಿ ೨೦೧೮ರಲ್ಲಿ ಬೆಳ್ಳಿಯನ್ನೂ ೨೦೨೨ರಲ್ಲಿ ಕಂಚನ್ನೂ ಪಡೆದರು.

ಸ್ಪರ್ಧೆಯ ನಿಯಮಗಳು ಪಟ್ಟಿಗೂ ಮಿತಿ ಹಾಕಿವೆ. ಒಲಿಂಪಿಕ್ ಪದ್ಧತಿಯಲ್ಲಿ ಅದರ ಅಗಲ ೧೨ ಸೆಂಟಿಮೀಟರನ್ನು ಮೀರಕೂಡದು. ಪವರ್‌ಲಿಫ್ಟಿಂಗ್‌ನಲ್ಲಿ ಅಗಲ ೧೦ ಸೆಂಟಿಮೀಟರ್, ದಪ್ಪ ೧೩ ಮಿಲಿಮೀಟರ್.

ಪಟ್ಟಿಯು ಕೆಲಸ ಮಾಡುವ ಬಗೆ ಹೀಗಿದೆ. ಎತ್ತುವವನು ಆಳವಾಗಿ ಉಸಿರೆಳೆದು ಹಿಡಿಯುತ್ತಾನೆ. ವಪೆಯು ಕೆಳಕ್ಕೆ ಒತ್ತುತ್ತದೆ. ಹೊಟ್ಟೆಯ ಸ್ನಾಯುಗಳು ಪಟ್ಟಿಯ ವಿರುದ್ಧ ಹೊರಕ್ಕೆ ಒತ್ತುತ್ತವೆ. ಇದರಿಂದ ಉದರದ ಒಳಗಿನ ಒತ್ತಡ ಏರಿ, ಮುಂಡವು ಗಾಳಿ ತುಂಬಿದ ಚೀಲದಂತೆ ಬಿಗಿಯಾಗಿ, ಬೆನ್ನುಮೂಳೆಗೆ ಮುಂದಿನಿಂದ ಆಸರೆ ದೊರೆಯುತ್ತದೆ. ಉದರದ ಒತ್ತಡವು ಸೊಂಟದ ಮಣಿಗಳ ನಡುವಿನ ಬಿಲ್ಲೆಗಳ ಹೊರೆಯನ್ನು ಇಳಿಸುವುದೆಂಬ ವಾದವನ್ನು ಬಾರ್ಟೆಲಿಂಕ್ ಎಂಬ ವೈದ್ಯನು ೧೯೫೭ರಲ್ಲಿ ಮಂಡಿಸಿದನು. ಆದುದರಿಂದ ಪಟ್ಟಿಯು ಗೋಡೆ ಮಾತ್ರ. ಒತ್ತುವ ಕೆಲಸ ಸ್ನಾಯುವಿನದು, ಉಸಿರಿನದು. ಒತ್ತುವುದನ್ನು ಅರಿಯದವನಿಗೆ ಪಟ್ಟಿಯಿಂದ ಪ್ರಯೋಜನ ಅತ್ಯಲ್ಪ. ಉಸಿರು ಹಿಡಿದಾಗ ರಕ್ತದೊತ್ತಡವೂ ಏರುವುದರಿಂದ, ಹೃದ್ರೋಗ, ಅಂಡವಾಯು ಮೊದಲಾದ ದೋಷವುಳ್ಳವರು ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕತಕ್ಕದ್ದಲ್ಲ. ಬಲ್ಲ ಶಿಕ್ಷಕರು ಪಟ್ಟಿಯನ್ನು ಪ್ರತಿಯೊಂದು ಎತ್ತಿಗೂ ಕಟ್ಟಿಸದೆ, ಸಾಧಕನ ಗರಿಷ್ಠ ಶಕ್ತಿಯ ಹತ್ತಿರದ ಭಾರಗಳಿಗೆ ಮಾತ್ರ ಮೀಸಲಿಡುತ್ತಾರೆ. ನೂರು ಕಿಲೋಗ್ರಾಂ ಎತ್ತಬಲ್ಲವನು ಎಂಬತ್ತರವರೆಗೆ ತನ್ನ ನಡುವಿನ ಬಲದಿಂದಲೇ ಎತ್ತಲು ಕಲಿತಿರಬೇಕೆಂಬುದು ಇದರ ತಾತ್ಪರ್ಯ.

೬

ಈ ವಿಚಾರವು ವ್ಯಾಯಾಮಶಾಲೆಗೆ ಮಾತ್ರ ಸಂಬಂಧಿಸಿದುದಲ್ಲ. ೧೯೩೩ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಸ್ಥಾಪಿತವಾಯಿತು. ವಿಶ್ವೇಶ್ವರಯ್ಯ ನಾಲೆಯ ನೀರು ಹೊಲಗಳಿಗೆ ಹರಿಯಿತು. ೧೯೩೯ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಕಬ್ಬು, ಬೆಲ್ಲ, ಬತ್ತ ಹೆಚ್ಚಿದಂತೆ ಭಾರ ಹೊರುವ ಜನವೂ ಹೆಚ್ಚಿದರು. ಗರಡಿಯ ಮಲ್ಲನು ಬೆಳಗ್ಗೆ ಎರಡು ಗಂಟೆ ಶ್ರಮಿಸಿ ವಿಶ್ರಾಂತಿ ಪಡೆದರೆ, ಕಬ್ಬಿನ ಹೊರೆ ಹೊರುವವನಿಗೂ ಅಕ್ಕಿ ಗಿರಣಿಯ ಹಮಾಲನಿಗೂ ದಿನವಿಡೀ ಭಾರಶ್ರಮವೇ. ಇವರಿಗೂ ಪಟ್ಟಿ ಕೊಟ್ಟರೆ ಸಾಕಲ್ಲವೇ ಎಂದು ಕೇಳಬಹುದು. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆಯು ಇದನ್ನು ಪರಿಶೀಲಿಸಿ, ಆರೋಗ್ಯವಂತ ಕೆಲಸಗಾರರಿಗೆ ಪಟ್ಟಿಯನ್ನು ಶಿಫಾರಸು ಮಾಡಲು ಸಾಕಷ್ಟು ಆಧಾರವಿಲ್ಲವೆಂದು ೧೯೯೪ರಲ್ಲಿ ತಿಳಿಸಿತು. ೨೦೦೦ದಲ್ಲಿ ಪ್ರಕಟವಾದ ಅಧ್ಯಯನವು ೧೬೦ ಮಳಿಗೆಗಳ ಒಂಬತ್ತು ಸಾವಿರಕ್ಕೂ ಹೆಚ್ಚು ನೌಕರರನ್ನು ಗಮನಿಸಿ, ಪಟ್ಟಿಯಿಂದ ಬೆನ್ನುನೋವು ಕಡಮೆಯಾಗಲಿಲ್ಲವೆಂದು ಕಂಡಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯಾದರೋ ೧೯೬೭ರಲ್ಲಿಯೇ ಬೇರೆಯ ದಾರಿ ಹಿಡಿದಿತ್ತು: ವಯಸ್ಕ ಪುರುಷ ಕಾರ್ಮಿಕನು ಹೊರುವ ಭಾರ ೫೫ ಕಿಲೋಗ್ರಾಮನ್ನು ಮೀರಬಾರದೆಂದು ಅದು ಶಿಫಾರಸು ಮಾಡಿತು. ಹೊರುವವನ ನಡುವನ್ನು ಬಿಗಿಯುವುದಕ್ಕಿಂತ ಮೂಟೆಯನ್ನು ಹಗುರಮಾಡುವುದು ನ್ಯಾಯವೆಂಬುದೇ ಅದರ ಸಾರ. ಕ್ವಿಂಟಲ್ ಮೂಟೆಯ ಬದಲಿಗೆ ೫೦ ಕಿಲೋಗ್ರಾಂ ಚೀಲ ರೂಢಿಗೆ ಬಂದುದು ಬೆನ್ನಿಗೆ ಯಾವ ಪಟ್ಟಿಗಿಂತಲೂ ಹೆಚ್ಚಿನ ಉಪಕಾರವೆಂದು ನಮ್ಮ ಅಭಿಪ್ರಾಯ.

ಒಟ್ಟಿನಲ್ಲಿ, ಇಂದಿನ ತೊಗಲುಪಟ್ಟಿಯು ನಮ್ಮ ನಡುಕಟ್ಟಿನ ವಂಶಜವಲ್ಲ. ಅದು ಸಲಾಕೆಯೊಡನೆ ಬಂದ ಅತಿಥಿ. ಅತಿಥಿಯೆಂದು ಅದನ್ನು ಹೊರಗಟ್ಟಬೇಕಾಗಿಲ್ಲ. ತಕ್ಕ ಕಾಲದಲ್ಲಿ, ತಕ್ಕ ಭಾರಕ್ಕೆ ಅದು ಉಪಯುಕ್ತವೇ. ಆದರೆ ಗರಡಿಯಿಂದ ನಾವು ಪಡೆಯತಕ್ಕ ಬಳುವಳಿ ಬೇರೆಯಿದೆ. ಹೊಸಬನನ್ನು ಗುರುವು ಮೊದಲ ದಿನವೇ ದೊಡ್ಡ ಗುಂಡಿನ ಮುಂದೆ ನಿಲ್ಲಿಸುವುದಿಲ್ಲ. ಮಟ್ಟಿ ಅಗೆಯಿಸಿ, ದಂಡೆ ಬಸ್ಕಿ ಹಾಕಿಸಿ, ನಡು ಗಟ್ಟಿಯಾದ ಮೇಲೆ ಗದೆಯನ್ನು ಕೈಗೆ ಕೊಡುತ್ತಾನೆ. ಈ ತಾಳ್ಮೆ ಉಳ್ಳವನಿಗೆ ಪಟ್ಟಿಯು ಸಹಾಯಕ. ಇಲ್ಲದವನಿಗೆ ಅದು ಮೋಸದ ಧೈರ್ಯ. ನಮ್ಮ ಕಾಲೇಜುಗಳ ವ್ಯಾಯಾಮಶಾಲೆಗಳಲ್ಲಿ ಪಟ್ಟಿಗಳನ್ನು ಕೊಂಡು ತೂಗುಹಾಕುವ ಮೊದಲು, ಮಂಡ್ಯ ಸೀಮೆಯ ಗರಡಿಗಳಲ್ಲಿ ಇನ್ನೂ ಉಳಿದಿರುವ ಈ ಕ್ರಮವನ್ನು ಬಲ್ಲ ಹಿರಿಯರಿಂದ ಕೇಳಿ ಬರೆದಿಡುವ ಕೆಲಸವನ್ನು ಇತಿಹಾಸದ ವಿದ್ಯಾರ್ಥಿಗಳು ಕೈಗೊಳ್ಳುವುದು ಅವಶ್ಯ.