ಕವಿ ಮಾರಿದ ಹಳೆಯ ಕೋವಿಗಳು

ಕೊಳ್ಳುವ ವಸ್ತು ಹೊಸದೇ ಆಗಬೇಕೆ, ಇನ್ನೊಬ್ಬರು ಬಳಸಿ ಬಿಟ್ಟದ್ದಾದರೂ ಸಾಕೆ ಎಂಬುದು ಸಂಸಾರಿಗಳಿಗೆಲ್ಲ ಪರಿಚಿತವಾದ ಪ್ರಶ್ನೆ. ಸೈಕಲ್ಲು, ಗಡಿಯಾರ, ಹೊಲಿಗೆಯ ಯಂತ್ರ ಇವುಗಳ ವಿಷಯದಲ್ಲಿ ಎಡವಿದವನು ಹಣವನ್ನಷ್ಟೇ ಕಳೆದುಕೊಳ್ಳುತ್ತಾನೆ. ಕೊಳ್ಳುವ ವಸ್ತು ಕೋವಿಯಾಗಿ, ಕೊಳ್ಳುವವನು ಒಂದು ರಾಜ್ಯದ ಒಡೆಯನಾಗಿದ್ದರೆ ಆ ಲೆಕ್ಕವೇ ಬೇರೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಇಥಿಯೋಪಿಯದ ಅರಸನೊಬ್ಬನು ಈ ಲೆಕ್ಕವನ್ನು ಇಪ್ಪತ್ತು ವರ್ಷ ಎಡೆಬಿಡದೆ ಹಾಕಿದನು. ಅವನಿಗೆ ಹಳೆಯ ಕೋವಿಗಳನ್ನು ಮಾರಲು ಬಂದವರಲ್ಲಿ ಒಬ್ಬನು ಸಾಹಿತ್ಯದ ಓದುಗರಿಗೆ ಅಪರಿಚಿತನಲ್ಲ. ಅವನು ಫ್ರೆಂಚ್ ಕವಿ ಆರ್ತರ್ ರ‍್ಯಾಂಬೋ.

ಲಂಕೇಶರ ‘ಪಾಪದ ಹೂಗಳು’ ಅನುವಾದದ ಮೂಲಕ ಬೋದಿಲೇರನನ್ನು ಕನ್ನಡದಲ್ಲಿ ಓದಿದವರು, ಅವನ ಬೆನ್ನಿಗೇ ಬಂದ ರ‍್ಯಾಂಬೋನ ಹೆಸರನ್ನೂ ಕೇಳಿರುತ್ತಾರೆ. 1854ರಲ್ಲಿ ಹುಟ್ಟಿದ ಈತ ಹದಿಹರೆಯದಲ್ಲೇ ಕಾವ್ಯದ ದಿಕ್ಕನ್ನು ತಿರುಗಿಸಿ, ಇಪ್ಪತ್ತು ದಾಟಿದ ಕೆಲವೇ ದಿನಗಳಲ್ಲಿ ಬರೆವಣಿಗೆಯನ್ನು ಬಿಟ್ಟವನು. 1880ರಲ್ಲಿ ಏಡನ್ನಿಗೆ ಬಂದು ಕಾಫಿ, ತೊಗಲುಗಳ ವ್ಯಾಪಾರದ ಮನೆಯೊಂದರಲ್ಲಿ ನೌಕರಿಗೆ ಸೇರಿದನು. ಅಲ್ಲಿಂದ ಹರಾರ್ ನಗರಕ್ಕೆ ಹೋದನು. 1885ರ ಕೊನೆಯಲ್ಲಿ ನೌಕರಿ ಬಿಟ್ಟು, ಪಿಯರ್ ಲಬಾತು ಎಂಬ ವರ್ತಕನೊಡನೆ ಸೇರಿ ಕೋವಿಗಳ ವ್ಯಾಪಾರಕ್ಕೆ ಇಳಿದನು. ಅವನು ಗುಲಾಮರನ್ನೂ ಮಾರಿದನೆಂಬ ಮಾತು ಬಹುಕಾಲ ಪ್ರಚಾರದಲ್ಲಿತ್ತು. ಅದಕ್ಕೆ ಆಧಾರವಿಲ್ಲವೆಂದು ಆಮೇಲಿನ ವಿದ್ವಾಂಸರು ತೋರಿಸಿದ್ದಾರೆ. ಕೋವಿಗಳ ಮಾತು ಮಾತ್ರ ನಿಜ. ಅವನೇ ಮನೆಗೆ ಬರೆದ ಕಾಗದಗಳಲ್ಲಿ ಅದರ ಲೆಕ್ಕವಿದೆ: ನಲವತ್ತು ವರ್ಷಗಳ ಹಿಂದೆಯೇ ಸೈನ್ಯಗಳು ಕೈಬಿಟ್ಟ ಕೋವಿಗಳು, ಲಿಯೇಜ್‌ನಲ್ಲೋ ಫ್ರಾನ್ಸಿನಲ್ಲೋ ಹಳೆಯ ಆಯುಧಗಳ ಅಂಗಡಿಯಲ್ಲಿ ಒಂದಕ್ಕೆ ಏಳೆಂಟು ಫ್ರಾಂಕು, ಶೋವಾ ಸೀಮೆಯ ಅರಸ ಮೆನೆಲಿಕನಿಗೆ ಮಾರುವಾಗ ಸುಮಾರು ನಲವತ್ತು ಫ್ರಾಂಕು.

ಈ ಕೋವಿಗಳು ಎಂಥವು? ನಮ್ಮ ಮಲೆನಾಡಿನವರು ಕೇಪಿನ ಕೋವಿ ಎನ್ನುತ್ತಾರಲ್ಲ, ಆ ಜಾತಿಯವು. ನಳಿಗೆಯ ಬಾಯಿಂದ ಮದ್ದು ಸುರಿದು, ಗುಂಡು ಹಾಕಿ, ಗಜದಿಂದ ಜಡಿದು, ಹಿಂದೆ ಕೇಪು ಇಟ್ಟು ಹೊಡೆಯಬೇಕು. ಯುರೋಪಿನಲ್ಲಿ ಇವುಗಳ ಆಯುಷ್ಯ 1866ರಲ್ಲೇ ಮುಗಿದಿತ್ತು. ಆ ವರ್ಷ ಕ್ಯೋನಿಗ್ರೇಟ್ಸ್ ಯುದ್ಧದಲ್ಲಿ ಹಿಂದಿನಿಂದ ತುಂಬುವ ಬಂದೂಕನ್ನು ಹಿಡಿದ ಪ್ರಷ್ಯದ ಸೈನಿಕರು, ಬಾಯಿಂದ ತುಂಬುವ ಕೋವಿಯ ಆಸ್ಟ್ರಿಯನ್ನರನ್ನು ಸೋಲಿಸಿದ ಮೇಲೆ ಎಲ್ಲ ದೇಶಗಳೂ ಆಯುಧ ಬದಲಿಸಲು ಹೊರಟವು. ಫ್ರಾನ್ಸ್ ಒಂದನ್ನೇ ನೋಡಿದರೆ, 1866ರಲ್ಲಿ ಶಾಸ್ಪೋ, 1874ರಲ್ಲಿ ಗ್ರಾ, 1886ರಲ್ಲಿ ಹೊಗೆಯಿಲ್ಲದ ಮದ್ದಿನ ಲೆಬೆಲ್. ಇಪ್ಪತ್ತು ವರ್ಷಗಳಲ್ಲಿ ಮೂರು ಸಲ ಇಡೀ ಸೈನ್ಯದ ಕೋವಿ ಬದಲಾಯಿತು. ಪ್ರತಿ ಸಲವೂ ಲಕ್ಷಗಟ್ಟಲೆ ಕೋವಿಗಳು, ಕೆಟ್ಟುಹೋಗದೆಯೇ ಹಳೆಯದಾದವು. ಅವು ಹರಿದು ಹೋಗಲು ಒಂದು ಇಳಿಜಾರು ಬೇಕಾಗಿತ್ತು. ಅದು ಆಫ್ರಿಕದ ಕಡೆಗಿತ್ತು.

ಹಳೆಯದನ್ನು ಕೊಳ್ಳದೆ ತಾನೇ ಏಕೆ ತಯಾರಿಸಬಾರದು ಎಂಬ ಯೋಚನೆ ಇಥಿಯೋಪಿಯದಲ್ಲಿ ಬರದೆ ಇರಲಿಲ್ಲ. ಮೆನೆಲಿಕನಿಗಿಂತ ಮುಂಚಿನ ಚಕ್ರವರ್ತಿ ಟೆವೊಡ್ರೋಸ್ ಗಫಾಟ್ ಎಂಬಲ್ಲಿ ಯುರೋಪಿನ ಮಿಷನರಿ ಕುಶಲಕರ್ಮಿಗಳನ್ನು ಬಲವಂತದಿಂದ ಕೂರಿಸಿ ಫಿರಂಗಿ ಎರಕ ಹೊಯ್ಯಿಸಿದನು. ಅವುಗಳಲ್ಲಿ ದೊಡ್ಡದಕ್ಕೆ ಸೆಬಾಸ್ಟೊಪೋಲ್ ಎಂದು ಹೆಸರಿಟ್ಟು ಬೆಟ್ಟದ ದಾರಿಗಳಲ್ಲಿ ಮಗ್ದಲಾ ಕೋಟೆಯವರೆಗೆ ಎಳೆಸಿದನು. 1868ರಲ್ಲಿ ನೇಪಿಯರನ ಸೈನ್ಯ ಮುಂಬಯಿಯಿಂದ ಹಡಗೇರಿ ಬಂದಾಗ ಆ ಫಿರಂಗಿ ಅವನನ್ನು ಉಳಿಸಲಿಲ್ಲ. ಆ ದಂಡಿನಲ್ಲಿ ಭಾರತದ ಸಿಪಾಯಿಗಳಿದ್ದರು, ಭಾರತದಿಂದ ಒಯ್ದ ಆನೆಗಳಿದ್ದವು, ಬೆಂಗಳೂರಿನಲ್ಲಿ ನೆಲೆಯಾಗಿದ್ದ ಮದರಾಸು ಸ್ಯಾಪರ್ಸ್ ಪಡೆಯ ತುಕಡಿಗಳೂ ಇದ್ದವು. ಬ್ರಿಟಿಷ್ ಸೈನಿಕರ ಕೈಯಲ್ಲಿ ಹೊಸ ಸ್ನೈಡರ್ ಬಂದೂಕು. ಟೆವೊಡ್ರೋಸ್ ತನ್ನನ್ನೇ ಗುಂಡಿಟ್ಟುಕೊಂಡು ಸತ್ತನು. ಹಿಂದಿರುಗುವಾಗ ನೇಪಿಯರ್, ದಾರಿ ಬಿಟ್ಟುಕೊಟ್ಟ ಟಿಗ್ರೆಯ ಕಾಸಾ ಎಂಬ ನಾಯಕನಿಗೆ ಹನ್ನೆರಡು ಸಣ್ಣ ಫಿರಂಗಿಗಳನ್ನೂ ಸುಮಾರು 850 ಕೋವಿಗಳನ್ನೂ ಉಡುಗೊರೆಯಾಗಿ ಬಿಟ್ಟುಹೋದನು. ಕಾಸಾ ಅವುಗಳ ಬಲದಿಂದ ಪ್ರತಿಸ್ಪರ್ಧಿಯನ್ನು ಗೆದ್ದು 1872ರಲ್ಲಿ ಯೊಹಾನ್ನಿಸ್ ಎಂಬ ಹೆಸರಿನಿಂದ ಚಕ್ರವರ್ತಿಯಾದನು. ಒಬ್ಬರ ದಂಡು ಮರಳುವಾಗ ಬಿಟ್ಟುಹೋದ ಸಾಮಾನು ಇನ್ನೊಬ್ಬನಿಗೆ ಸಿಂಹಾಸನವಾಯಿತು. ದಕ್ಷಿಣದಲ್ಲಿ ಶೋವಾದ ಅರಸನಾಗಿದ್ದ ಮೆನೆಲಿಕ್ ಇದನ್ನು ನೋಡುತ್ತಿದ್ದನು.

ಈಗ ರ‍್ಯಾಂಬೋನ ಸಾರ್ಥಕ್ಕೆ ಬರೋಣ. ಕೆಂಪು ಸಮುದ್ರದ ಬಾಯಿಯ ಬಳಿ ತಾಜೂರಾ ಎಂಬ ಸಣ್ಣ ಊರಿನಲ್ಲಿ ಅವನು ಸುಮಾರು ಒಂದು ವರ್ಷ ಕಾದನು. ಒಂಟೆ ಸಿಕ್ಕಲಿಲ್ಲ. ಒಂಟೆ ಸಿಕ್ಕಿದರೆ ಅಪ್ಪಣೆ ಸಿಕ್ಕಲಿಲ್ಲ. ಆಯುಧಗಳನ್ನು ಒಳನಾಡಿಗೆ ಸಾಗಿಸಬಾರದೆಂದು ಇಂಗ್ಲೆಂಡ್ ಮತ್ತು ಫ್ರಾನ್ಸ್ ಆಗ ಒಪ್ಪಂದ ಮಾಡಿಕೊಂಡಿದ್ದವು. ಪಾಲುಗಾರ ಲಬಾತು ಕಾಯಿಲೆ ಬಿದ್ದು ಫ್ರಾನ್ಸಿಗೆ ಹೋಗಿ ತೀರಿಕೊಂಡನು. ಜೊತೆಯಲ್ಲಿ ಹೊರಡಬೇಕಿದ್ದ ಸೊಲೆಯೆ ಎಂಬ ಇನ್ನೊಬ್ಬ ವರ್ತಕನೂ ಏಡನ್ನಿನಲ್ಲಿ ಸತ್ತನು. ಕೊನೆಗೆ 1886ರ ಅಕ್ಟೋಬರಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕೇಪಿನ ಕೋವಿಗಳನ್ನೂ ಸಾವಿರಾರು ರೆಮಿಂಗ್ಟನ್ ತೋಟಾಗಳನ್ನೂ ಒಂಟೆಗಳ ಮೇಲೆ ಹೇರಿಕೊಂಡು ಉಪ್ಪಿನ ಸರೋವರದ ಪಕ್ಕದ ಸುಡು ಬಯಲಿಗೆ ಇಳಿದನು. ಅಂಕೋಬರ್ ಮುಟ್ಟಿದ್ದು 1887ರ ಫೆಬ್ರವರಿ 6ರಂದು. ನಾಲ್ಕು ತಿಂಗಳ ದಾರಿ.

ಅರಸ ಅಲ್ಲಿರಲಿಲ್ಲ. ಮುಸ್ಲಿಂ ಅಮೀರನ ಆಳ್ವಿಕೆಯಲ್ಲಿದ್ದ ಹರಾರನ್ನು ಆ ಜನವರಿಯಲ್ಲಷ್ಟೇ ಗೆದ್ದು, ಅಲ್ಲಿ ಈಜಿಪ್ಟಿನವರು ಬಿಟ್ಟುಹೋಗಿದ್ದ ಆಯುಧಗಳನ್ನು ಹೊತ್ತುಕೊಂಡು ಬರುತ್ತಿದ್ದನು. ಎಂಟೊಟ್ಟೊ ಬೆಟ್ಟದ ರಾಜಧಾನಿಗೆ ಅವನು ಪ್ರವೇಶಿಸಿದ್ದನ್ನು ರ‍್ಯಾಂಬೋ ಆಮೇಲೆ ಕೈರೋದ ಪತ್ರಿಕೆಗೆ ಬರೆದನು: ಮುಂದೆ ಈಜಿಪ್ಟಿನ ಕಹಳೆ ಊದುವವರು, ಹಿಂದೆ ಹತ್ತಾರು ಜನ ಹೊತ್ತು ತಂದ ಎರಡು ಕ್ರುಪ್ ಫಿರಂಗಿಗಳು. ಕೈತುಂಬ ಉತ್ತಮ ಆಯುಧಗಳನ್ನು ಗೆದ್ದು ಬರುವವನ ಎದುರಿಗೆ ಗುಜರಿ ಕೋವಿಗಳನ್ನು ಹರಡಿಕೊಂಡು ಕೂರುವುದಕ್ಕಿಂತ ಕೆಟ್ಟ ಮುಹೂರ್ತ ವ್ಯಾಪಾರಿಗೆ ಇನ್ನೇನಿದೆ?

ಆದರೂ ಮೆನೆಲಿಕ್ ಕೊಂಡನು. ಬಿಡಿಯಾಗಿ ಮಾರಲು ಬಿಡಲಿಲ್ಲ. ಸಗಟಾಗಿ ಕೊಡು, ಇಲ್ಲವಾದರೆ ನಿನ್ನ ಖರ್ಚಿನಲ್ಲೇ ಕಡಲ ತೀರಕ್ಕೆ ತಿರುಗಿ ಒಯ್ಯಿ ಎಂದನು. ಎಲ್ಲ ಸೇರಿ 14,000 ಮಾರಿಯಾ ಥೆರೇಸಾ ಬೆಳ್ಳಿ ನಾಣ್ಯಗಳೆಂದು ಬೆಲೆ ಕಟ್ಟಿ, ಅದರಲ್ಲಿ ಒಂಟೆಗಳ ಬಾಡಿಗೆಯೆಂದು ಒಂದಿಷ್ಟು, ಸತ್ತ ಲಬಾತುವಿನ ಹಳೆಯ ಬಾಕಿಯೆಂದು ಇನ್ನಷ್ಟು ಮುರಿದುಕೊಂಡನು. ಉಳಿದದ್ದಕ್ಕೂ ಕೈಯಲ್ಲಿ ಹಣ ಕೊಡದೆ, ಹರಾರಿನ ಅಧಿಪತಿ ಮಕೊನ್ನಿನ್ ಹೆಸರಿಗೆ ಚೀಟಿ ಬರೆದುಕೊಟ್ಟನು. ಕವಿಯನ್ನು ಪ್ರೀತಿಸುವವರು ಅವನು ಆಫ್ರಿಕದ ಮುಗ್ಧನೊಬ್ಬನಿಗೆ ಕಸ ಮಾರಿದನೆಂದು ನಾಚುತ್ತಾರೆ. ಕಾಗದಗಳನ್ನು ಓದಿದರೆ ಮುಗ್ಧನಾರೆಂಬುದು ಸ್ಪಷ್ಟವಾಗುತ್ತದೆ.

ಇಷ್ಟು ಚೌಕಾಸಿ ಬಲ್ಲವನು ಆ ಕೋವಿಗಳನ್ನೇಕೆ ಕೊಂಡನು? ಹಳೆಯದು ಎಂದರೆ ಯಾರ ಎದುರಿಗೆ ಹಳೆಯದು ಎಂದು ಕೇಳಿಕೊಳ್ಳಬೇಕು. ಪ್ರಷ್ಯದವನ ಎದುರಿಗೆ ಕೇಪಿನ ಕೋವಿ ಬರಿಯ ದೊಣ್ಣೆ. ಈಟಿ ಹಿಡಿದ ಒರೋಮೊ ರೈತನ ಎದುರಿಗೆ ಅದು ಸಿಡಿಲು. ಮೆನೆಲಿಕನ ದಂಡುಗಳು ದಕ್ಷಿಣಕ್ಕೂ ಪೂರ್ವಕ್ಕೂ ಹರಡಿ ಜನಾಂಗಗಳ ಮೇಲೆ ಜನಾಂಗಗಳನ್ನು ಅಡಿಯಾಳಾಗಿಸಿದ್ದು ಇಂಥ ಕೋವಿಗಳ ಬಲದಿಂದಲೇ. ಅಲ್ಲಿಂದ ಬಂದ ದಂತ, ಚಿನ್ನ, ಕಾಫಿ, ಪುನುಗು ಇವುಗಳಿಂದಲೇ ಮುಂದಿನ ಕೋವಿಗಳ ಬೆಲೆ ಸಂದಿತು. ಆಫ್ರಿಕದ ಸ್ವಾತಂತ್ರ್ಯವನ್ನು ಕಾಪಾಡಿದವನೆಂದು ಅವನನ್ನು ಹೊಗಳುವ ಪುಸ್ತಕಗಳು ಈ ಪುಟವನ್ನು ಬೇಗ ಮಗುಚಿಬಿಡುತ್ತವೆ. ಹಳೆಯ ಕೋವಿಯ ಪೂರ್ತಿ ಬೆಲೆಯನ್ನು ತೆತ್ತವರು ಆ ಬೆಟ್ಟಗಳ ಜನ.

ಆದರೆ ಯುರೋಪಿನ ಸೈನ್ಯದ ಎದುರಿಗೆ ಇವು ಸಾಲವೆಂಬುದೂ ಅವನಿಗೆ ತಿಳಿದಿತ್ತು. 1889ರಲ್ಲಿ ಯೊಹಾನ್ನಿಸ್ ಸತ್ತು ಮೆನೆಲಿಕ್ ಚಕ್ರವರ್ತಿಯಾದನು. ಅದೇ ವರ್ಷ ಇಟಲಿಯೊಡನೆ ವುಚಾಲೆ ಒಪ್ಪಂದವಾಯಿತು. ಅದರ ಹದಿನೇಳನೆಯ ವಿಧಿ ಅಮ್ಹಾರಿಕ್ ಪ್ರತಿಯಲ್ಲಿ ಒಂದು ಅರ್ಥವನ್ನೂ ಇಟಾಲಿಯನ್ ಪ್ರತಿಯಲ್ಲಿ ಇನ್ನೊಂದು ಅರ್ಥವನ್ನೂ ಕೊಡುತ್ತಿತ್ತೆಂಬುದು ಪ್ರಸಿದ್ಧವಾದ ಕಥೆ. ಒಂದರ ಪ್ರಕಾರ ವಿದೇಶ ವ್ಯವಹಾರಕ್ಕೆ ಇಟಲಿಯ ನೆರವನ್ನು ಬೇಕಾದರೆ ಪಡೆಯಬಹುದು. ಇನ್ನೊಂದರ ಪ್ರಕಾರ ಪಡೆಯಲೇಬೇಕು. ನಮ್ಮ ವಿಷಯಕ್ಕೆ ಮುಖ್ಯವಾದದ್ದು, ಆ ಸ್ನೇಹದ ಕಾಲದಲ್ಲಿ ಇಟಲಿಯಿಂದಲೇ ಅವನಿಗೆ ಸಾವಿರಾರು ತೋಟಾ ಬಂದೂಕುಗಳು ಬಂದವೆಂಬುದು. ಫ್ರಾನ್ಸ್ ಲೆಬೆಲ್ಲಿಗೆ ಬದಲಾದ ಮೇಲೆ ಬೇಡವಾದ ಗ್ರಾ ಬಂದೂಕುಗಳು ಜಿಬೂಟಿಯ ದಾರಿಯಾಗಿ ರಾಶಿರಾಶಿಯಾಗಿ ಬಂದವು. ಹಾಚ್ಕಿಸ್ ಕಂಪನಿಯ ಶೀಘ್ರ ಫಿರಂಗಿಗಳೂ ಬಂದವು. ಸಂಖ್ಯೆಗೆ ಹಳೆಯದು, ಮೊನೆಗೆ ಹೊಸದು ಎಂಬಂತೆ ಅವನ ಖರೀದಿ ನಡೆಯಿತು. 1893ರಲ್ಲಿ ಅವನು ಒಪ್ಪಂದವನ್ನು ತಳ್ಳಿಹಾಕಿದನು.

ಇಲ್ಲಿ ತೋಟಾದ ಮಾತನ್ನೂ ಹೇಳಬೇಕು. ಕೋವಿಯನ್ನು ಒಂದು ಸಲ ಕೊಂಡರಾಯಿತು. ತೋಟಾವನ್ನು ಕೊಳ್ಳುತ್ತಲೇ ಇರಬೇಕು. ಮದ್ದು, ಸೀಸಗಳನ್ನು ನಾಡಿನಲ್ಲೇ ಹೊಂದಿಸಬಹುದು, ಹಿತ್ತಾಳೆಯ ತೋಟಾ ಕಡಲಾಚೆಯಿಂದಲೇ ಬರಬೇಕು. ಇಥಿಯೋಪಿಯದ ಸಂತೆಗಳಲ್ಲಿ ಉಪ್ಪಿನ ಗಟ್ಟಿಗಳಂತೆ ತೋಟಾಗಳೂ ಚಿಲ್ಲರೆ ನಾಣ್ಯವಾಗಿ ಓಡಾಡಿದವೆಂದರೆ ಅದರ ಬೆಲೆ ಎಷ್ಟೆಂದು ಊಹಿಸಿಕೊಳ್ಳಬಹುದು. ಕೋವಿ ಹೊಸದೋ ಹಳೆಯದೋ ಎಂಬ ತೀರ್ಮಾನವನ್ನು ಎಷ್ಟೋ ಸಲ ಈ ತೋಟಾವೇ ಮಾಡಿಬಿಡುತ್ತದೆ. ಇದಕ್ಕೆ ಸಾಕ್ಷಿ ಒದಗಿದ್ದು ಬಡ ಇಥಿಯೋಪಿಯದಿಂದಲ್ಲ, ಇಟಲಿಯಿಂದ.

ಇಟಲಿಯ ಹತ್ತಿರ 1891ರ ಮಾದರಿಯ ಕಾರ್ಕಾನೊ ಎಂಬ ಹೊಸ ಬಂದೂಕಿತ್ತು. ಆರೂವರೆ ಮಿಲಿಮೀಟರಿನ ಸಣ್ಣ ಗುಂಡು, ಹೊಗೆಯಿಲ್ಲದ ಮದ್ದು. ಆದರೆ ಆಫ್ರಿಕದಲ್ಲಿದ್ದ ಅದರ ಸೈನ್ಯಕ್ಕೆ ಅದನ್ನು ಕೊಡಲಿಲ್ಲ. ಸುಮಾರು 10.4 ಮಿಲಿಮೀಟರಿನ ಹಳೆಯ ವೆಟೆರ್ಲಿ ಬಂದೂಕಿನ ತೋಟಾಗಳು ಉಗ್ರಾಣದಲ್ಲಿ ಬಹಳ ಉಳಿದಿದ್ದವು. ಮಿತವ್ಯಯದ ಒತ್ತಾಯಕ್ಕೆ ಸಿಕ್ಕಿದ್ದ ಸೇನಾಪತಿ ಬಾರಾತಿಯೇರಿ ಮೊದಲು ಅವನ್ನು ಮುಗಿಸಬೇಕೆಂದಿದ್ದನು. 1896ರ ಮಾರ್ಚ್ 1ರಂದು ಅಡುವಾ ಬೆಟ್ಟಗಳಲ್ಲಿ ಅವನ ಸುಮಾರು ಹದಿನೇಳು ಸಾವಿರ ಜನ, ಒಂದು ಲಕ್ಷದಷ್ಟಿದ್ದ ಮೆನೆಲಿಕನ ದಂಡಿಗೆ ಎದುರಾದರು. ತಪ್ಪು ನಕ್ಷೆ, ಒಂದರಿಂದೊಂದು ದೂರವಾದ ದಳಗಳು, ಸಂಖ್ಯೆಯ ಅಂತರ ಇವೇ ಸೋಲಿನ ದೊಡ್ಡ ಕಾರಣಗಳು. ಬಂದೂಕಿನ ಮೇಲೆ ಎಲ್ಲವನ್ನೂ ಹೊರಿಸುವುದು ಅನ್ಯಾಯ. ಆದರೆ ಗುಜರಿ ಸಂತೆಯಲ್ಲಿ ಕೊಂಡವನೂ ಕಾರ್ಖಾನೆಯ ಒಡೆಯನೂ ಆ ಬೆಳಗ್ಗೆ ಸರಿಸುಮಾರು ಒಂದೇ ತಲೆಮಾರಿನ ಬಂದೂಕುಗಳನ್ನು ಹಿಡಿದು ನಿಂತಿದ್ದರು. ಇಟಲಿಯ ಕಡೆ, ಅದರ ಎರಿಟ್ರಿಯನ್ ಸಿಪಾಯಿಗಳೂ ಸೇರಿ, ಸುಮಾರು ಆರು ಸಾವಿರ ಜನ ಸತ್ತರು. ಇಥಿಯೋಪಿಯದವರೂ ಸಾವಿರಗಟ್ಟಲೆ ಸತ್ತರು. ಇಟಲಿಯ ಫಿರಂಗಿಗಳೆಲ್ಲವೂ ಸುಮಾರು 11,000 ಬಂದೂಕುಗಳೂ ಮೆನೆಲಿಕನ ಕೈಸೇರಿದವು, ಒಂದು ನಾಣ್ಯವನ್ನೂ ಎಣಿಸದೆ. ಅಕ್ಟೋಬರಿನಲ್ಲಿ ಇಟಲಿ ಇಥಿಯೋಪಿಯದ ಸ್ವಾತಂತ್ರ್ಯವನ್ನು ಒಪ್ಪಿ ಸಹಿ ಹಾಕಿತು. ರ‍್ಯಾಂಬೋ ಇದನ್ನು ನೋಡಲಿಲ್ಲ. 1891ರಲ್ಲೇ, ಮೂವತ್ತೇಳರ ವಯಸ್ಸಿನಲ್ಲಿ, ಕಾಲು ಕತ್ತರಿಸಿಕೊಂಡು ಮಾರ್ಸೇಯಿನ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದನು.

ಅಡುವಾದ ಬಂದೂಕುಗಳು ಮನೆಮನೆಗಳಲ್ಲಿ ಉಳಿದವು. ತಂದೆಯಿಂದ ಮಗನಿಗೆ ಬಂದವು. 1935ರಲ್ಲಿ ಇಟಲಿ ಎರಡನೆಯ ಸಲ ಬಂದಾಗ ಎಷ್ಟೋ ಜನ ಆ ಗ್ರಾ ಬಂದೂಕುಗಳನ್ನೇ ಹಿಡಿದು ಹೊರಟರು. ಈ ಸಲ ಎದುರಿಗಿದ್ದವು ವಿಮಾನಗಳು, ಸಾಸಿವೆ ಅನಿಲ. ಬ್ರಿಟನ್ ಮತ್ತು ಫ್ರಾನ್ಸ್ ಎರಡೂ ಪಕ್ಷಗಳಿಗೆ ಆಯುಧ ಮಾರುವುದಿಲ್ಲವೆಂದು ನ್ಯಾಯದ ಮಾತಾಡಿದವು; ಇಟಲಿ ತನ್ನ ಆಯುಧಗಳನ್ನು ತಾನೇ ತಯಾರಿಸುತ್ತಿತ್ತು. ಹೊಸದೂ ಇಲ್ಲ, ಹಳೆಯದೂ ಇಲ್ಲ ಎಂಬ ಸ್ಥಿತಿಯಲ್ಲಿ ಕಾದಿದ ಚಕ್ರವರ್ತಿ ಹೈಲೆ ಸೆಲಾಸಿ, ಅಂದು ಹರಾರಿನಲ್ಲಿ ರ‍್ಯಾಂಬೋನ ಚೀಟಿಯನ್ನು ಪಡೆದ ಮಕೊನ್ನಿನ್ನನ ಮಗ. 1936ರ ಮೇ 2ರಂದು ಅವನು ಆಡಿಸ್ ಅಬಾಬದಿಂದ ಜಿಬೂಟಿಯ ರೈಲು ಹತ್ತಿದನು.