ಹರಾಜಿಗೆ ಬಂದ ಹಾಡು: ಹಳೆಯ ರೆಕಾರ್ಡುಗಳ ಕಥೆ



ನೆಲಮಂಗಲ ತಾಲ್ಲೂಕಿನ ಶಿವಗಂಗೆ ಬೆಟ್ಟವನ್ನು ನಿಮ್ಮಲ್ಲಿ ಹಲವರು ಹತ್ತಿರಬಹುದು. ಹೊಯ್ಸಳ ದೊರೆ ವಿಷ್ಣುವರ್ಧನನ ರಾಣಿ ಶಾಂತಲೆ 1131ರಲ್ಲಿ ಇದೇ ಶಿವಗಂಗೆಯಲ್ಲಿ ತೀರಿಕೊಂಡಳೆಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಹಾಡು, ವಾದ್ಯ, ನೃತ್ಯ ಮೂರರಲ್ಲೂ ಆಕೆ ನಿಪುಣೆ ಎಂದು ಶಾಸನಗಳು ಹೊಗಳುತ್ತವೆ. ಆ ಹೊಗಳಿಕೆ ಕಲ್ಲಿನಲ್ಲಿ ಉಳಿಯಿತು. ಹಾಡು ಉಳಿಯಲಿಲ್ಲ. ದನಿಯನ್ನು ಹಿಡಿದಿಡುವ ಉಪಾಯ ಮನುಷ್ಯನಿಗೆ ಸಿಕ್ಕಿದ್ದು ಅದಾದ ಸುಮಾರು ಏಳೂವರೆ ನೂರು ವರ್ಷಗಳ ಮೇಲೆ.

1877ರಲ್ಲಿ ಅಮೆರಿಕದ ಎಡಿಸನ್ ತವರದ ಹಾಳೆ ಸುತ್ತಿದ ಉರುಳೆಯ ಮೇಲೆ ಮಾತನ್ನು ಕೊರೆದು ಮತ್ತೆ ಕೇಳಿಸಿದ. ಹತ್ತು ವರ್ಷಗಳ ನಂತರ, 1887ರಲ್ಲಿ, ಎಮಿಲ್ ಬರ್ಲಿನರ್ ಉರುಳೆಯ ಬದಲು ಚಪ್ಪಟೆ ತಟ್ಟೆಯನ್ನು ತಂದ. ಒಂದು ಮೂಲ ತಟ್ಟೆಯಿಂದ ಲೋಹದ ಅಚ್ಚು ತೆಗೆದರೆ ಸಾವಿರಾರು ಪ್ರತಿಗಳನ್ನು ಒತ್ತಬಹುದು. ಪುಸ್ತಕಕ್ಕೆ ಮುದ್ರಣಯಂತ್ರ ಬಂದಂತೆ ಹಾಡಿಗೆ ಇದು ಬಂದಿತು.

ಭಾರತಕ್ಕೂ ಇದು ಬೇಗನೆ ತಲುಪಿತು. 1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬ ತಂತ್ರಜ್ಞ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಮೊದಲಾದವರ ಹಾಡುಗಳನ್ನು ಮುದ್ರಿಸಿದ. ತಟ್ಟೆಗಳನ್ನು ಒತ್ತುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯವರಿಗೆ ಹಾಡಿದವರು ಯಾರೆಂದು ತಿಳಿಯಲಿ ಎಂದು ಗೌಹರ್ ಜಾನ್ ಹಾಡಿನ ಕೊನೆಗೆ ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳುತ್ತಿದ್ದರು. ಈ ಗಾಯಕಿ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ಕಣ್ಣು ಮುಚ್ಚಿದರು. ಅವರ ದನಿ ಇಂದಿಗೂ ಕೇಳಸಿಗುತ್ತದೆ.

ಆ ತಟ್ಟೆ ಯಾವುದರಿಂದ ಆಗುತ್ತಿತ್ತು, ಗೊತ್ತೇ? ಅರಗಿನಿಂದ! ರೇಷ್ಮೆಹುಳು ನೂಲು ಕೊಡುವಂತೆ ಅರಗಿನ ಕೀಟ ಮರದ ಕೊಂಬೆಯ ಮೇಲೆ ಅಂಟು ಸುರಿಸುತ್ತದೆ. ಅದನ್ನು ಶುದ್ಧಿಮಾಡಿ, ಕಲ್ಲಿನ ಪುಡಿ ಸೇರಿಸಿ, ಬಿಸಿಯಲ್ಲಿ ಒತ್ತಿದರೆ ತಟ್ಟೆ ಸಿದ್ಧ. ಇದು ನಿಮಿಷಕ್ಕೆ ಸುಮಾರು 78 ಸುತ್ತು ತಿರುಗುತ್ತಿತ್ತು. ಹತ್ತಂಗುಲದ ತಟ್ಟೆಯ ಒಂದು ಮಗ್ಗುಲಿಗೆ ಮೂರು ನಿಮಿಷದ ಹಾಡು. ಕೈ ಜಾರಿದರೆ ಚೂರುಚೂರು. 1948ರಲ್ಲಿ ಅಮೆರಿಕದ ಕೊಲಂಬಿಯ ಕಂಪನಿ ವಿನೈಲ್ ಎಂಬ ಪ್ಲಾಸ್ಟಿಕ್ಕಿನ ‘ಲಾಂಗ್ ಪ್ಲೇ’ ತಟ್ಟೆಯನ್ನು ಹೊರತಂದಿತು. ಅದರ ವೇಗ ನಿಮಿಷಕ್ಕೆ ಮೂವತ್ತಮೂರೂ ಕಾಲು ಸುತ್ತಿಗಿಂತ ತುಸು ಹೆಚ್ಚು. ಒಂದು ಮಗ್ಗುಲು 22 ನಿಮಿಷ ಹಾಡಿದರೆ ಸೂಜಿ 700ಕ್ಕೂ ಹೆಚ್ಚು ಸುತ್ತು ಹಾಕುತ್ತದೆ. ಸುತ್ತೊಂದಕ್ಕೆ ಸರಾಸರಿ 65 ಸೆಂಟಿಮೀಟರ್ ಎಂದರೆ, ಅದು ಸಾಗುವ ದಾರಿ ಎಷ್ಟು? ನೀವೇ ಗುಣಿಸಿ ನೋಡಿ. ಅರ್ಧ ಕಿಲೋಮೀಟರಿನ ಹತ್ತಿರ ಬರುತ್ತದೆ.

ಆಮೇಲೆ ಕ್ಯಾಸೆಟ್ ಬಂದಿತು. ನಿಸಾರ್ ಅಹಮದರ ಕವಿತೆಗಳ ‘ನಿತ್ಯೋತ್ಸವ’ 1978ರಲ್ಲಿ ಮನೆಮನೆ ತಲುಪಿದ್ದು ಕ್ಯಾಸೆಟ್ಟಿನ ರೂಪದಲ್ಲಿ. ರೆಕಾರ್ಡುಗಳು ಅಟ್ಟ ಸೇರಿದವು, ಕೆಲವು ಗುಜರಿಯ ಪಾಲಾದವು.

ಅಟ್ಟದ ತಟ್ಟೆಗೆ ಮತ್ತೆ ಬೆಲೆ ಬಂದದ್ದು ಕಂಪ್ಯೂಟರಿನ ಹರಾಜಿನಿಂದ. ಅಮೆರಿಕದಲ್ಲಿ 1995ರಲ್ಲಿ ಇ-ಬೇ ಆರಂಭವಾಯಿತು. ನಮ್ಮಲ್ಲಿ 2000ದಲ್ಲಿ ಶುರುವಾದ ಬಾಜೀ ಡಾಟ್ ಕಾಮ್ ಅನ್ನು 2004ರಲ್ಲಿ ಅದೇ ಇ-ಬೇ ಕೊಂಡುಕೊಂಡಿತು. ಆ ಭಾರತೀಯ ಶಾಖೆ 2018ರಲ್ಲಿ ಮುಚ್ಚಿತು. ಹರಾಜು ಮಾತ್ರ ಬೇರೆ ಬೇರೆ ತಾಣಗಳಲ್ಲಿ ನಡೆದೇ ಇದೆ.

ವಿಜಯಪುರದ ಅಥವಾ ರಾಮನಗರದ ಮಾರುಕಟ್ಟೆಯಲ್ಲಿ ರೇಷ್ಮೆಗೂಡು ಕೊಳ್ಳುವವನು ಗೂಡನ್ನು ಕೈಯಲ್ಲಿ ಹಿಡಿದು ನೋಡುತ್ತಾನೆ. ದೂರದ ಹರಾಜಿನಲ್ಲಿ ಅದು ಆಗದು. ಆದ್ದರಿಂದ ಮಾರುವವನ ಮಾತೇ ಕೊಳ್ಳುವವನ ಕಣ್ಣು. ತಟ್ಟೆಗೆ ಗೀರು ಬಿದ್ದಿದೆಯೇ, ಬಾಗಿದೆಯೇ, ಹೊದಿಕೆ ಹರಿದಿದೆಯೇ ಎಂಬುದನ್ನು ದರ್ಜೆ ಕೊಟ್ಟು ತಿಳಿಸುವ ಪದ್ಧತಿ ಹೀಗೆ ಬೆಳೆಯಿತು. ಲೇಬಲ್ಲಿನ ಪಕ್ಕದ ಖಾಲಿ ಜಾಗದಲ್ಲಿ ಕೊರೆದ ಅಂಕಿಯನ್ನೂ ಬರೆಯುತ್ತಾರೆ. ಅದು ಆ ಒತ್ತಿನ ಗುರುತು.

ಇನ್ನು ಬೆಲೆಯ ಲೆಕ್ಕ. ಇ-ಬೇಯಂಥ ಕಡೆ ನೀವು ಕೊಡಬಲ್ಲ ಗರಿಷ್ಠ ಮೊತ್ತವನ್ನು ಗುಟ್ಟಾಗಿ ನಮೂದಿಸುತ್ತೀರಿ. ಒಬ್ಬರು 300, ಇನ್ನೊಬ್ಬರು 500, ಮತ್ತೊಬ್ಬರು 800 ರೂಪಾಯಿ ನಮೂದಿಸಿದರು ಎನ್ನಿ. ವಸ್ತು ಸಿಗುವುದು ಮೂರನೆಯವರಿಗೆ, ಆದರೆ 500ಕ್ಕಿಂತ ಸ್ವಲ್ಪವೇ ಹೆಚ್ಚಿನ ಬೆಲೆಗೆ. ಇಂಥ ಹರಾಜಿನ ಗಣಿತವನ್ನು 1961ರಲ್ಲಿ ವಿವರಿಸಿದ ವಿಲಿಯಂ ವಿಕ್ರಿಗೆ 1996ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂದಿತು. ಇಲ್ಲಿ ನೆನಪಿಡಬೇಕಾದ ಸಂಗತಿ ಇದು: ಬೆಲೆಯನ್ನು ನಿರ್ಧರಿಸುವವನು ಗೆದ್ದವನಲ್ಲ, ಎರಡನೆಯವನು. ಬೇಕೆನ್ನುವವನು ಒಬ್ಬನೇ ಇದ್ದರೆ ವಸ್ತು ಆರಂಭದ ಬೆಲೆಗೇ ಹೋಗುತ್ತದೆ.

ಜಮೈಕ ದ್ವೀಪದ ರೆಗ್ಗೆ ಸಂಗೀತವನ್ನು ನೋಡಿ. ಆ ನಾಡಿನ ಜನಸಂಖ್ಯೆ ಬೆಂಗಳೂರು ನಗರಕ್ಕಿಂತಲೂ ಕಡಿಮೆ. 1960 ಮತ್ತು 70ರ ದಶಕಗಳಲ್ಲಿ ಅಲ್ಲಿ ಒತ್ತಿದ ಎಷ್ಟೋ ಏಳಂಗುಲದ ತಟ್ಟೆಗಳ ಪ್ರತಿಗಳು ಬಹಳ ಕಡಿಮೆ. ಆದರೂ ಇಂದು ಇಂಗ್ಲೆಂಡು, ಜಪಾನುಗಳ ಸಂಗ್ರಹಕಾರರು ಅವಕ್ಕಾಗಿ ಪೈಪೋಟಿ ನಡೆಸುತ್ತಾರೆ. ವಲಸೆ ಹೋದ ಜಮೈಕನ್ನರು ಹಾಡನ್ನು ಜೊತೆಗೆ ಒಯ್ದರು. ಆಸಕ್ತರು ಲೇಬಲ್ಲು, ಅಂಕಿ, ವಾದ್ಯಗಾರರ ಹೆಸರು ಎಲ್ಲವನ್ನೂ ಪಟ್ಟಿ ಮಾಡಿದರು. ಪಟ್ಟಿ ಇದ್ದುದರಿಂದ ಎರಡನೆಯವನೂ ಬಂದ, ಹತ್ತನೆಯವನೂ ಬಂದ. 2018ರಲ್ಲಿ ಯುನೆಸ್ಕೊ ರೆಗ್ಗೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಈಗ ನಮ್ಮ ಕಡೆಗೆ ಬನ್ನಿ. ಗಂಗೂಬಾಯಿ ಹಾನಗಲ್ಲರ ಮೊದಮೊದಲ ರೆಕಾರ್ಡುಗಳ ಮೇಲಿದ್ದ ಹೆಸರು ‘ಗಾಂಧಾರಿ’. ಇದನ್ನರಿಯದ ಮನೆಯವರು ಆ ತಟ್ಟೆಯನ್ನು ಯಾರದೋ ಹಾಡೆಂದು ತೂಕಕ್ಕೆ ಹಾಕಬಹುದು. ಹರಾಜಿಗೆ ಬಂದರೂ ‘ಗಂಗೂಬಾಯಿ’ ಎಂದು ಹುಡುಕುವವನಿಗೆ ಅದು ಕಾಣದು. ಎರಡನೆಯವನು ಬರುವುದಿಲ್ಲ, ಬೆಲೆ ಏಳುವುದಿಲ್ಲ. ಬೆಲೆಯಿಲ್ಲದ್ದನ್ನು ಯಾರು ಜೋಪಾನ ಮಾಡುತ್ತಾರೆ? ಕಡಿಮೆ ಬೆಲೆ ಎಂದರೆ ಕಡಿಮೆ ಯೋಗ್ಯತೆಯಲ್ಲ. ಎಷ್ಟೋ ಸಲ ಅದು ನಮ್ಮ ತಿಳಿವಳಿಕೆಯ ಕೊರತೆ ಮಾತ್ರ.

ಹಾಗಾದರೆ ಮಾರಬಾರದೇ? ಹಾಗೇನಿಲ್ಲ. ಕೊಂಡವನು ಆಸೆಪಟ್ಟು ಕೊಂಡರೆ ತಟ್ಟೆ ಗುಜರಿಯಿಂದ ಉಳಿಯುತ್ತದೆ. ಆದರೆ ಮಾರುವ ಮುನ್ನ ಲೇಬಲ್ಲಿನ ಎರಡು ಮಗ್ಗುಲನ್ನೂ ಚಿತ್ರ ತೆಗೆಯಿರಿ. ಹಾಡಿದವರ ಹೆಸರು, ಭಾಷೆ, ಸಂಖ್ಯೆಗಳನ್ನು ಬರೆದಿಡಿ. ಆ ಹಾಡಿನ ಬಗ್ಗೆ ಅಜ್ಜಿ ತಾತಂದಿರನ್ನು ಕೇಳಿ. ಹಳೆಯ ರೆಕಾರ್ಡುಗಳನ್ನು ಕಂಪ್ಯೂಟರಿಗೆ ಇಳಿಸುವ ಸಂಸ್ಥೆಗಳಿಗೂ ಒಮ್ಮೆ ತಿಳಿಸಿ. ತಟ್ಟೆ ನಿಮ್ಮದಾದರೂ ಹಾಡಿನ ಹಕ್ಕು ನಿಮ್ಮದಲ್ಲ ಎಂಬುದು ನೆನಪಿರಲಿ. ನಮ್ಮ ಕಾನೂನಿನಂತೆ ಧ್ವನಿಮುದ್ರಣದ ಹಕ್ಕು ಅದು ಪ್ರಕಟವಾದ ಮರುವರ್ಷದಿಂದ 60 ವರ್ಷ ಇರುತ್ತದೆ.

ಕಾರ್ಯಕ್ರಮ ತಯಾರಿಸುವ ನನ್ನಂಥವರಿಗೆ ಹಳೆಯ ಕಾಲದ ಚಿತ್ರ ಸಿಗುವುದಕ್ಕಿಂತ ದನಿ ಸಿಗುವುದು ಕಷ್ಟ. ಶಾಂತಲೆಯ ಹಾಡನ್ನು ಉಳಿಸುವ ಸಾಧನ ಅವಳ ಕಾಲಕ್ಕೆ ಇರಲಿಲ್ಲ. ನಮಗೆ ಆ ನೆಪವಿಲ್ಲ. ಈ ರಜೆಯಲ್ಲಿ ನಿಮ್ಮ ಅಟ್ಟ ಹತ್ತಿ ನೋಡಿ. ತಟ್ಟೆ ಸಿಕ್ಕರೆ, ಮೊದಲು ಮೆತ್ತನೆಯ ಬಟ್ಟೆಯಿಂದ ಧೂಳು ಒರೆಸಿ. ಆಮೇಲೆ ಹೆಸರು ಓದಿ.