ಮಹಾವೀರಾಚಾರ್ಯರ ಸಂಖ್ಯಾಹಾರ: 12345654321

ಎಡದಿಂದ ಓದಿದರೂ ಬಲದಿಂದ ಓದಿದರೂ ಬದಲಾಗದ 12345654321 ಎಂಬ ಹನ್ನೊಂದು ಅಂಕಿಗಳ ಸಂಖ್ಯೆಯು ಕ್ರಿ.ಶ. 850ರ ಸುಮಾರಿಗೆ ಕನ್ನಡ ನಾಡಿನಲ್ಲಿ ರಚಿತವಾದ ಗಣಿತ ಗ್ರಂಥವೊಂದರಲ್ಲಿ ದಾಖಲಾಗಿದೆ. ಗ್ರಂಥದ ಹೆಸರು 'ಗಣಿತಸಾರಸಂಗ್ರಹ'. ಸಂಸ್ಕೃತದಲ್ಲಿರುವ ಈ ಕೃತಿಯ ಕರ್ತೃ ಜೈನ ಗಣಿತಜ್ಞ ಮಹಾವೀರಾಚಾರ್ಯರು. ಇವರು ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿದ್ದವರು. ಆತನ ರಾಜಧಾನಿ ಮಾನ್ಯಖೇಟವೇ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ.

ಗುಣಾಕಾರದ ಅಭ್ಯಾಸಗಳಲ್ಲಿ ಆಚಾರ್ಯರು 27994681ನ್ನು 441ರಿಂದ ಗುಣಿಸುವ ಲೆಕ್ಕವನ್ನು ನೀಡಿದ್ದಾರೆ. ಅದರ ಗುಣಲಬ್ಧವೇ ಈ ಸಂಖ್ಯೆ. ಒಂದರಿಂದ ಆರರವರೆಗೆ ಏರಿ, ಮತ್ತೆ ಕ್ರಮವಾಗಿ ಒಂದಕ್ಕೆ ಇಳಿಯುವ ಇಂತಹ ಲಬ್ಧಗಳಿಗೆ ಅವರು ಕೊರಳ ಹಾರದ ಹೋಲಿಕೆ ಕೊಟ್ಟಿದ್ದಾರೆ.

ಎಣಿಕೆಯ ಬಗೆ

ಇಂದಿನ ರೂಢಿಯಲ್ಲಿ ಇದು 1,234 ಕೋಟಿ 56 ಲಕ್ಷ 54 ಸಾವಿರದ 321. ಮಹಾವೀರಾಚಾರ್ಯರು 'ಏಕ'ದಿಂದ 'ಮಹಾಕ್ಷೋಭ'ದವರೆಗೆ 24 ಸ್ಥಾನಗಳನ್ನು ಹೆಸರಿಸಿದ್ದು, ಅದರಲ್ಲಿ ಹನ್ನೊಂದನೆಯದು 'ಅರ್ಬುದ'.

ಗುಣಲಕ್ಷಣಗಳು

ಇದು ಬೆಸ ಸಂಖ್ಯೆ. 'ವಿಕಟಕವಿ' ಎಂಬ ಪದದಂತೆ ಎರಡೂ ಕಡೆಯಿಂದ ಒಂದೇ ಆಗಿರುವುದರಿಂದ ಗತಪ್ರತ್ಯಾಗತ ಸಂಖ್ಯೆ. 111111ರ ವರ್ಗವಾದ್ದರಿಂದ ಪೂರ್ಣ ವರ್ಗವೂ ಹೌದು. 111111ರ ಅವಿಭಾಜ್ಯ ಅಪವರ್ತನಗಳು 3, 7, 11, 13 ಮತ್ತು 37. ವರ್ಗದಲ್ಲಿ ಇವು ತಲಾ ಎರಡು ಬಾರಿ ಬರುವುದರಿಂದ ಒಟ್ಟು ಭಾಜಕಗಳು 243.

ಆಚಾರ್ಯರು ಆಯ್ದ ಗುಣ್ಯ, ಗುಣಕಗಳೂ ಪೂರ್ಣ ವರ್ಗಗಳೇ. 441 ಎಂಬುದು 21ರ ವರ್ಗ. 27994681 ಎಂಬುದು 5291ರ ವರ್ಗ. 21 ಮತ್ತು 5291ನ್ನು ಗುಣಿಸಿದರೆ 111111 ದೊರೆಯುತ್ತದೆ. ಹಾರದ ಅಂದದ ಗುಟ್ಟು ಇಲ್ಲಿದೆ.

ತನ್ನನ್ನು ಹೊರತುಪಡಿಸಿದ 242 ಭಾಜಕಗಳ ಮೊತ್ತ 13029870672. ಇದು ಮೂಲ ಸಂಖ್ಯೆಗಿಂತ ಹೆಚ್ಚಾಗಿರುವುದರಿಂದ ಇದನ್ನು 'ಸಮೃದ್ಧ ಸಂಖ್ಯೆ' ಎಂದು ವರ್ಗೀಕರಿಸಬಹುದು. ಬೆಸ ಸಂಖ್ಯೆಗಳಲ್ಲಿ ಈ ಗುಣ ವಿರಳ. ಅವುಗಳಲ್ಲಿ ಅತಿ ಚಿಕ್ಕದು 945. ಆದರೆ ಮಹಾರಾಷ್ಟ್ರದ ದೇವಳಾಲಿಯ ಗಣಿತಜ್ಞ ಡಿ.ಆರ್. ಕಾಪ್ರೇಕರ್ ಗುರುತಿಸಿದ 'ಹರ್ಷದ ಸಂಖ್ಯೆ'ಗಳ ಸಾಲಿಗೆ ಇದು ಸೇರದು. ಅಂಕಿಗಳ ಮೊತ್ತವಾದ 36ರಿಂದ ಬೆಸ ಸಂಖ್ಯೆಯೊಂದು ನಿಶ್ಶೇಷವಾಗಿ ಭಾಗವಾಗಲು ಸಾಧ್ಯವಿಲ್ಲ.

ಹಾರಕ್ಕೂ ಮಿತಿಯುಂಟು

ಒಂಬತ್ತು ಒಂದುಗಳ ಸಂಖ್ಯೆಯ ವರ್ಗದವರೆಗೆ ಈ ಏರಿಳಿತ ಕೆಡುವುದಿಲ್ಲ. ಹತ್ತು ಒಂದುಗಳಾದೊಡನೆ ದಶಕ ಪಕ್ಕದ ಸ್ಥಾನಕ್ಕೆ ಸಾಗಿ, 1234567900987654321 ಎಂದಾಗಿ ಹಾರ ಹರಿಯುತ್ತದೆ.

ಗ್ರಂಥದಲ್ಲಿ ಇನ್ನೂ ಕೆಲವು ಹಾರಗಳಿವೆ: 139ನ್ನು 109ರಿಂದ ಗುಣಿಸಿದರೆ 15151, 152207ನ್ನು 73ರಿಂದ ಗುಣಿಸಿದರೆ 11111111.

ಎಂ. ರಂಗಾಚಾರ್ಯರು ಈ ಕೃತಿಯನ್ನು ಇಂಗ್ಲಿಷ್ ಅನುವಾದದೊಂದಿಗೆ 1912ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದರು. ಪದ್ಮಾವತಮ್ಮ ಅವರ ಕನ್ನಡ ಅನುವಾದವನ್ನು ಹೊಂಬುಜ ಜೈನ ಮಠ 2000ದಲ್ಲಿ ಹೊರತಂದಿತು. ನೃಪತುಂಗನ ಹೆಸರು 'ಕವಿರಾಜಮಾರ್ಗ'ದಿಂದ ನಾಡಿಗೆ ಪರಿಚಿತ. ಅದೇ ಆಳ್ವಿಕೆಯ ಈ ಲೆಕ್ಕದ ಪುಸ್ತಕವೂ ಅಷ್ಟೇ ಪರಿಚಯಕ್ಕೆ ಅರ್ಹ.